ತೇರೋ, ಸಾರ್ಥವೋ?





ಹಿಂದಿನ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ನಡೆದ ಒಂದು ಮಾತು ಇನ್ನೂ ನನ್ನ ತಲೆಯಲ್ಲೇ ಕೂತಿದೆ. ಅವತ್ತು ಬಂದವರಿಗೆ ಗೊತ್ತು. ಬಾರದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಒಂದು ಊರಿನ ಹುಡುಗರು ತಮ್ಮ ಕೇರಿಯ ಅಂಬೇಡ್ಕರ್ ಭವನದ ಹೊರಗೋಡೆಗೆ ಚಿತ್ರ ಬರೆಸಲು ಹಣ ಕೂಡಿಸಿದ್ದಾರೆ. ಏಪ್ರಿಲ್ 14ರೊಳಗೆ ಮುಗಿಯಬೇಕು. ಬುದ್ಧರ ಚಿತ್ರ, ಬಾಬಾಸಾಹೇಬರ ಚಿತ್ರ ಎರಡೂ ಭವನದ ಒಳಗಿವೆ. ಹೊರಗೋಡೆಗೆ ಬೇರೆ ಏನಾದರೂ ಬೇಕು, ದಾರಿಯಲ್ಲಿ ಹೋಗುವವನು ನೋಡಿದ ಕೂಡಲೇ "ಇವರು ಇಂಥ ಜನ" ಎಂದು ಅವನಿಗೆ ತಿಳಿಯಬೇಕು ಎಂಬುದು ಅವರ ಆಸೆ. "ಟೀಚರ್, ನೀವು ಕನ್ನಡ ಎಂ.ಎ. ಮಾಡಿದೋರು. ನಮ್ಮ ಜನಕ್ಕೆ ಒಪ್ಪುವಂಥ ಒಂದು ರೂಪಕ ಹೇಳ್ರಿ" ಎಂದು ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಉಪಮೆ, ರೂಪಕ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ನಮ್ಮದೇ ಜನಕ್ಕೆ ಒಂದು ಹೇಳಿ ಎಂದಾಗ ಬಾಯಿ ಕಟ್ಟಿತು.

ಗೋಡೆಯ ಚಿತ್ರಕ್ಕೆ ಇಷ್ಟೆಲ್ಲಾ ಯಾಕೆ ಎಂದು ಕೇಳಬಹುದು. ನಮ್ಮ ಸೀಮೆಯವರು ಹಾಗೆ ಕೇಳಬಾರದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಸಾಲಿನ ಕಾರ್ಣಿಕ ನುಡಿಯುತ್ತಾನೆ. "ಸದ್ದಲೇ" ಎಂದರೆ ಲಕ್ಷ ಜನ ಉಸಿರು ಬಿಗಿ ಹಿಡಿಯುತ್ತಾರೆ. ಆ ಒಂದು ಸಾಲಿನ ಮೇಲೆ ಮಳೆ ಬೆಳೆ, ರಾಜಕೀಯ ಎಲ್ಲಕ್ಕೂ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಕಾರ್ಣಿಕವನ್ನು ನಾವು ನಂಬುವುದಿಲ್ಲ, ಅದು ಬೇರೆ. ಆದರೆ ಒಂದು ರೂಪಕಕ್ಕೆ ಜನರ ತಲೆಯೊಳಗೆ ಎಷ್ಟು ದಿನ ಕೂರುವ ಶಕ್ತಿಯಿದೆ ಎಂಬುದನ್ನು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ.

ಇನ್ನೊಂದು ಕಾರಣ ನನ್ನ ತವರು ಮನೆಯದು. ನಮ್ಮ ತಾತ ಹರಪನಹಳ್ಳಿ ತಾಲ್ಲೂಕಿನಲ್ಲಿ ಕಟ್ಟಿದ ಮನೆ ಇದ್ದ ಜಾಗದಲ್ಲೇ ಇದೆ. ಅದು ಮೊದಲು ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು, 1973ರಲ್ಲಿ ಕರ್ನಾಟಕವಾಯಿತು. ಜಿಲ್ಲೆ ಬಳ್ಳಾರಿ ಇದ್ದದ್ದು 1997ರಲ್ಲಿ ದಾವಣಗೆರೆ ಆಯಿತು, ಮತ್ತೆ ಬಳ್ಳಾರಿ ಆಯಿತು, 2021ರಿಂದ ವಿಜಯನಗರ. ಮನೆ ಒಂದಡಿಯೂ ಕದಲದೆ ಮೇಲಿನ ಹೆಸರೆಲ್ಲ ಬದಲಾದವು. ಬದಲಾಗದೆ ಉಳಿದದ್ದು ಒಂದೇ, ನಮ್ಮ ಕೇರಿಯ ಹೆಸರು. ಊರಿನವರು ಅದನ್ನು ಇವತ್ತಿಗೂ ಜಾತಿ ಹಿಡಿದೇ ಕರೆಯುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಸಮೀಕ್ಷೆಗೆಂದು ಮನೆ ಮನೆ ತಿರುಗಿದ ಶಿಕ್ಷಕರಲ್ಲಿ ನಾನೂ ಒಬ್ಬಳು. ನಮ್ಮವರ ಮನೆಗಳಲ್ಲಿ ಧರ್ಮ ಎಂಬ ಕಾಲಂ ಬಂದಾಗ ಎದೆ ಎತ್ತಿ "ಬೌದ್ಧ" ಎನ್ನುತ್ತಿದ್ದರು. ಜಾತಿಯ ಕಾಲಂ ಬಂದಾಗ ಅದೇ ದನಿ ಇಳಿಯುತ್ತಿತ್ತು. ತಪ್ಪೇನಿಲ್ಲ. ಬೌದ್ಧರಾದವರೂ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಉಳಿಯಬಹುದೆಂದು 1990ರಲ್ಲಿ ಕಾನೂನೇ ಆಗಿದೆ, ಆ ಹಕ್ಕನ್ನು ಬಿಡಬಾರದು. ಆದರೆ ಒಂದು ಕಾಲಂ ನಾವು ಹೋಗಬೇಕಾದ ಕಡೆ ಹೇಳುತ್ತದೆ, ಇನ್ನೊಂದು ನಮ್ಮನ್ನು ಇಟ್ಟಿದ್ದ ಜಾಗ ಹೇಳುತ್ತದೆ. ಈ ಎರಡರ ನಡುವೆ ನಾವು ಯಾರು? ಹುಡುಗರು ಕೇಳಿದ ರೂಪಕದ ಹಿಂದೆ ಇದ್ದದ್ದು ಈ ಪ್ರಶ್ನೆಯೇ.

ಬಳಗದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಲೇಜು ಹುಡುಗನೊಬ್ಬ ಹಲಗೆ ಎಂದ. ಪಕ್ಕದಲ್ಲೇ ಕೂತಿದ್ದ ಹಿರಿಯರು, "ಹೆಣದ ಮುಂದೆ ಬಾರಿಸಿ ಬಾರಿಸಿ ನಮ್ಮಪ್ಪನ ಬೆರಳು ಸೊಟ್ಟ ಆಗಿದ್ವು. ಅದನ್ನ ಬಣ್ಣ ಹಚ್ಚಿ ನೋಡ್ತಾ ಕೂಡ್ಲೇನು?" ಎಂದರು. ಆ ಹುಡುಗ, "ಅದೇ ಹಲಗೆ ಹೋರಾಟದಾಗೂ ಬಾರಿಸಿವಲ್ರೀ" ಎಂದ. ಇಬ್ಬರೂ ಸರಿಯೇ. ಹಗರಿಬೊಮ್ಮನಹಳ್ಳಿಯಿಂದ ಬರುವ ಅಕ್ಕ ಸಮುದ್ರ ಎಂದರು. ನದಿಗಳೆಲ್ಲ ಸಮುದ್ರ ಸೇರಿದ ಮೇಲೆ ತಮ್ಮ ಹೆಸರು ಬಿಡುವಂತೆ ಸಂಘಕ್ಕೆ ಬಂದವರ ಜಾತಿ ಅಳಿಯುತ್ತದೆ ಎಂದು ಬುದ್ಧರು ಹೇಳಿದ್ದನ್ನು ಬಾಬಾಸಾಹೇಬರು 1956ರ ಅಕ್ಟೋಬರ್ 15ರಂದು ನಾಗಪುರದ ಭಾಷಣದಲ್ಲಿ ನೆನಪಿಸಿದ್ದರು. ಒಳ್ಳೆಯ ರೂಪಕ. ಆದರೆ ನಾವು ಇನ್ನೂ ಸಮುದ್ರ ಮುಟ್ಟಿಲ್ಲ. ಬೌದ್ಧರಾದ ಮೇಲೂ ಮಗಳಿಗೆ ವರ ನೋಡುವಾಗ ಎಡಗೈಯೋ ಬಲಗೈಯೋ ಎಂದು ಮೆಲ್ಲಗೆ ವಿಚಾರಿಸುವ ಮನೆಗಳು ನಮ್ಮಲ್ಲೇ ಇವೆ. ಮುಟ್ಟದ ಸಮುದ್ರವನ್ನು ಗೋಡೆಗೆ ಬರೆದರೆ ಗೋಡೆ ಸುಳ್ಳು ಹೇಳಿದಂತೆ.

ಕೊನೆಗೆ ಒಬ್ಬರು, "ಹುಡುಕೋದೇನಿದೆ? ತೇರು ಇದೆಯಲ್ಲ. ಬಾಬಾಸಾಹೇಬರೇ ಹೇಳ್ಯಾರ" ಎಂದರು. ಎಲ್ಲರೂ ಒಪ್ಪಿದರು. ಈ ವಿಮೋಚನೆಯ ರಥವನ್ನು ಬಲು ಕಷ್ಟದಿಂದ ಇಲ್ಲಿವರೆಗೆ ಎಳೆದು ತಂದಿದ್ದೇನೆ, ಆದರೆ ಮುಂದೆ ಎಳೆಯಿರಿ, ಆಗದಿದ್ದರೆ ಇದ್ದಲ್ಲೇ ಬಿಡಿ, ಹಿಂದಕ್ಕೆ ಮಾತ್ರ ಹೋಗಗೊಡಬೇಡಿ ಎಂಬ ಅರ್ಥದ ಮಾತು ನಮ್ಮ ಎಲ್ಲ ಕಾರ್ಯಕ್ರಮಗಳ ಬ್ಯಾನರಿನಲ್ಲೂ ಇರುತ್ತದೆ. ನಾನೇ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೇನೆ, ಚಪ್ಪಾಳೆ ತಗೊಂಡಿದ್ದೇನೆ.

ಮನೆಗೆ ಬಂದು ಅದರ ಮೂಲ ನೋಡಿದೆ. 1956ರ ಜುಲೈ ಕೊನೆಯಲ್ಲಿ ದೆಹಲಿಯಲ್ಲಿ, ಮೈಗೆ ಹುಷಾರಿಲ್ಲದೆ ನೊಂದಿದ್ದ ಬಾಬಾಸಾಹೇಬರು ಈ ಮಾತು ಹೇಳಿದರೆಂದು ಅವರ ಆಪ್ತ ಸಹಾಯಕ ನಾನಕ್ ಚಂದ್ ರತ್ತು ಬರೆದಿಟ್ಟಿದ್ದಾರೆ. ಅಲ್ಲಿ ತೇರಿಲ್ಲ, ರಥವಿಲ್ಲ. ಅಲ್ಲಿರುವ ಪದ ಕಾರವಾನ್. ಅಂದರೆ ದೂರದ ದಾರಿಯನ್ನು, ಮರಳುಗಾಡು ಕಾಡುಗಳನ್ನು ಒಟ್ಟಿಗೆ ದಾಟುವ ಪ್ರಯಾಣಿಕರ ತಂಡ.

ಕನ್ನಡದಲ್ಲಿ ಅದು ರಥವಾದದ್ದು ಯಾಕೆಂದು ಊಹಿಸುವುದು ಕಷ್ಟವಲ್ಲ. ಕಾರವಾನ್ ಎಂದರೆ ನಮ್ಮ ಜನಕ್ಕೆ ಏನೂ ಕಾಣುವುದಿಲ್ಲ. ತೇರು ಎಂದರೆ ಮೈ ಜುಮ್ಮೆನ್ನುತ್ತದೆ. ಅದರಲ್ಲೂ ಕೊಟ್ಟೂರಿನ ಸುತ್ತಮುತ್ತಲಿನವರಿಗೆ ತೇರು ಎಂದರೆ ಗುರು ಕೊಟ್ಟೂರೇಶ್ವರನ ತೇರೇ. ಹಾಗಾಗಿ ಬಾಬಾಸಾಹೇಬರ ಮಾತು ನಮ್ಮ ಎದೆಗೆ ಇಳಿದದ್ದು ತೇರಿನ ರೂಪದಲ್ಲಿ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಪದ ಬದಲಾದಾಗ ಒಳಗಿನ ಅರ್ಥವೂ ಬದಲಾಯಿತೇ ಎಂದು ನೋಡಬೇಕಲ್ಲ.

ತೇರು ಏನು ಮಾಡುತ್ತದೆ? ಗುಡಿಯ ಮುಂದಿನಿಂದ ಹೊರಡುತ್ತದೆ, ಪಾದಗಟ್ಟೆಯವರೆಗೆ ಹೋಗುತ್ತದೆ, ಹೊರಟಲ್ಲಿಗೇ ಮರಳಿ ಬರುತ್ತದೆ. ವರ್ಷವರ್ಷವೂ ಅಷ್ಟೇ ದೂರ. ಮೇಲೆ ಕೂರುವವರು ಮೇಲೆ, ಮಿಣಿ ಹಿಡಿದು ಎಳೆಯುವವರು ಕೆಳಗೆ. ಎಳೆದವರ ಅಂಗೈ ಕೆಂಪಾಗುತ್ತದೆ, ಉತ್ತತ್ತಿ ಬಾಳೆಹಣ್ಣು ಮಾತ್ರ ಅವರ ತಲೆ ಮೇಲೆ ಹಾದು ಕಳಸದ ಕಡೆ ಹಾರುತ್ತವೆ. ತೇರು ಉರುಳಿದರೂ ಪೆಟ್ಟು ಕೆಳಗಿದ್ದವರಿಗೇ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಆ ಎತ್ತರದ ತೇರು ಜನರ ನಡುವೆಯೇ ಉರುಳಿದ್ದನ್ನು ನಮ್ಮಲ್ಲಿ ಬಹಳ ಜನ ಟಿ.ವಿ.ಯಲ್ಲಿ ನೋಡಿದ್ದೇವೆ. ಗಾಯಗೊಂಡವರು ಭಕ್ತಿಯಿಂದ ಬಂದಿದ್ದ ಸಾಮಾನ್ಯ ಜನ. ಯಾರ ಭಕ್ತಿಯನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. ತೇರಿನ ಕಟ್ಟಣೆಯೇ ಹಾಗೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಕಾರವಾನ್. ಇದಕ್ಕೆ ಕನ್ನಡದಲ್ಲಿ ಪದವೇ ಇಲ್ಲವೆಂದು ತಿಳಿಯಬೇಡಿ. ಸಾರ್ಥ ಎಂಬ ಹಳೆಯ ಪದವಿದೆ. ಪಾಲಿಯಲ್ಲಿ ಅದೇ ಸತ್ಥ. ಸಾರ್ಥವನ್ನು ಮುನ್ನಡೆಸುವವನು ಸತ್ಥವಾಹ, ಮತ್ತು ಅದು ತಿಪಿಟಕದಲ್ಲಿ ಬುದ್ಧರನ್ನು ಕರೆಯುವ ಹೆಸರುಗಳಲ್ಲಿ ಒಂದು. ಬೋಧಿಯಾದ ಮೇಲೆ ಬುದ್ಧರಿಗೆ ಮೊದಲು ಅನ್ನ ನೀಡಿ ಮೊದಲ ಉಪಾಸಕರಾದ ತಪುಸ್ಸ, ಭಲ್ಲಿಕ ಇಬ್ಬರೂ ದಾರಿ ನಡೆಯುತ್ತಿದ್ದ ವರ್ತಕರು. ಬಾಬಾಸಾಹೇಬರು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಆ ಪದ ಬಳಸಿದರೆಂದು ನಾನು ಹೇಳಲಾರೆ. ಆದರೆ ದೀಕ್ಷೆಗೆ ಎರಡೂವರೆ ತಿಂಗಳು ಮೊದಲು ಅವರ ಬಾಯಲ್ಲಿ ಬಂದ ಪದ ಬುದ್ಧರ ಹೆಸರಿನ ಪಕ್ಕದಲ್ಲೇ ಇದೆ.

ಸಾರ್ಥವನ್ನು ಕಣ್ಣಾರೆ ಕಾಣದವರೂ ನಾವಲ್ಲ. ಆರೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ತಾಂಡಾ ಎಂದರೆ ಇವತ್ತು ನಮಗೆ ಒಂದು ಹಟ್ಟಿ, ಒಂದು ಬಸ್ ಸ್ಟಾಪು. ಹಿಂದೆ ಅದು ನಡೆಯುವ ಪದವಾಗಿತ್ತು. ಎತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು, ಹೆಂಗಸರು ಮಕ್ಕಳು ಮುದುಕರು ಎಲ್ಲ ಸೇರಿ ದೇಶ ದಾಟುತ್ತಿದ್ದ ತಂಡಕ್ಕೇ ತಾಂಡಾ ಎನ್ನುತ್ತಿದ್ದರು. ಅಲ್ಲಿ ಮೇಲೆ ಕೂತು ಪೂಜೆ ಮಾಡಿಸಿಕೊಳ್ಳುವವರಿಲ್ಲ. ಎಲ್ಲರಿಗೂ ಕಾಲಿದೆ, ಎಲ್ಲರಿಗೂ ಹೊರೆಯಿದೆ. ಬಲಿಷ್ಠನ ಓಟಕ್ಕೆ ತಕ್ಕಂತೆ ಹೋದರೆ ತಂಡವೇ ಒಡೆಯುತ್ತದೆ. ನಿಧಾನಕ್ಕೆ ನಡೆಯುವವರ ಹೆಜ್ಜೆ ನೋಡಿಕೊಂಡೇ ಮುಂದಿನವರು ನಡೆಯಬೇಕು.

ಜಾತಕ ಕಥೆಗಳಲ್ಲಿ ಮೊಟ್ಟಮೊದಲನೆಯದೇ ಸಾರ್ಥದ ಕಥೆ, ಅಪಣ್ಣಕ ಜಾತಕ. ಇಬ್ಬರು ಸಾರ್ಥವಾಹರು, ತಲಾ ಐನೂರು ಗಾಡಿ, ಮುಂದೆ ನೀರಿಲ್ಲದ ದೊಡ್ಡ ಮರಳುಗಾಡು. ಮೊದಲನೆಯವನು ಆತುರಗಾರ, ತಾನೇ ಮುಂದೆ ಹೋಗಬೇಕೆಂದು ಹೊರಟ. ನಡುದಾರಿಯಲ್ಲಿ ಯಕ್ಷನೊಬ್ಬ ಒದ್ದೆ ಬಟ್ಟೆ, ಕೈಯಲ್ಲಿ ತಾವರೆ ಹಿಡಿದು ಎದುರಾದ. ಮುಂದೆ ಭಾರಿ ಮಳೆ, ತುಂಬಿದ ಕೆರೆ ಇವೆ, ಈ ನೀರಿನ ಭಾರ ನಿಮಗ್ಯಾಕೆ ಎಂದ. ಅವನು ನಂಬಿ ನೀರು ಚೆಲ್ಲಿಸಿದ. ತಂಡವೆಲ್ಲ ಸತ್ತಿತು. ಎರಡನೆಯವನಿಗೂ ಯಕ್ಷ ಅದನ್ನೇ ಹೇಳಿದ. ಅವನು ತನ್ನವರನ್ನು ಕೇಳಿದ: ಮೋಡ ಕಂಡಿರಾ? ಮಿಂಚು ಕಂಡಿರಾ? ತಂಪು ಗಾಳಿ ಬೀಸಿತೇ? ಯಾವುದೂ ಇಲ್ಲವೆಂದ ಮೇಲೆ ಒಂದು ಹನಿಯನ್ನೂ ಚೆಲ್ಲಕೂಡದು ಎಂದ. ಎಲ್ಲರೂ ದಾಟಿದರು. ಮಳೆ ಕೈಕೊಡುವ ಕೂಡ್ಲಿಗಿ, ಕೊಟ್ಟೂರು ಸೀಮೆಯವರಿಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲಾ ಸಿಕ್ಕಿದ ಮೇಲೆ ನನಗೆ ಬಲು ಹಿಗ್ಗಾಯಿತು. ರೂಪಕ ಸಿಕ್ಕಿತು, ನಾವು ತೇರು ಎಳೆಯುವವರಲ್ಲ, ಸಾರ್ಥದಲ್ಲಿ ನಡೆಯುವವರು ಎಂದು ಬಳಗಕ್ಕೆ ಹೇಳಲು ಒಂದು ಪುಟ ಬರೆದುಕೊಂಡೆ. ಆ ಶನಿವಾರ ಕೂಡ್ಲಿಗಿ ತಾಲ್ಲೂಕಿನಲ್ಲಿರುವ ನಮ್ಮ ಚಿಗವ್ವನನ್ನು ನೋಡಲು ಹೋಗಿದ್ದೆ. ಕೊಟ್ಟೂರು ಜಾತ್ರೆ ಮುಗಿದು ಇನ್ನೂ ಬಹಳ ದಿನ ಆಗಿರಲಿಲ್ಲ. ಚಿಗವ್ವ ನನ್ನಂತೆ ದೀಕ್ಷೆ ತಗೊಂಡವಳಲ್ಲ. ಮನೆಯಲ್ಲಿ ಬುದ್ಧರ ಫೋಟೋ ಇದೆ, ಕೊಟ್ರಯ್ಯನ ಫೋಟೋವೂ ಇದೆ. ಅವಳಿಗೆ ತೇರಿನ ವಿಚಾರ ಹೇಳಿದೆ.

"ಹಂಗನ್ನಬ್ಯಾಡ ತಂಗಿ" ಎಂದಳು. "ನಮ್ಮ ಹೆಣ್ಮಗಳು ಉಪಾಸ ಇದ್ದು ಕಳಸದಾರತಿ ಬೆಳಗಿದ ಮ್ಯಾಲೇ ಕೊಟ್ರಯ್ಯ ತೇರಿಗೆ ಬರಾದು. ನಾವಿಲ್ಲದ ತೇರು ಕದಲಂಗಿಲ್ಲ."

ಆ ಸಂಪ್ರದಾಯ ಇರುವುದು ನಿಜ. ನಾನು, "ಆರತಿ ಬೆಳಗಿದ ಮಾರನೇ ದಿನ ಏನಾಗ್ತತಿ ಚಿಗವ್ವಾ? ನಾವು ಬೇಕು ಅನ್ನಾದು ಬ್ಯಾರೆ, ನಾವೂ ಸಮ ಅನ್ನಾದು ಬ್ಯಾರೆ ಅಲ್ಲೇನು?" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಾತಿನಲ್ಲಿ ಗೆದ್ದೆ ಎಂದುಕೊಂಡೆ. ಆಮೇಲೆ ಸಾರ್ಥದ ಕಥೆ ಹೇಳಿದೆ, ನೀರು ಚೆಲ್ಲಿದವನ ಕಥೆ ಹೇಳಿದೆ. ಪೂರ್ತಿ ಕೇಳಿದಳು.

"ಎಲ್ಲಾರೂ ಕೂಡಿ ನಡಿಯಾದು ಅಂದ್ರ ನಮ್ಮ ಗುಳೆ ಇದ್ದಂಗ ಅನ್ನು" ಎಂದಳು.

ಅಲ್ಲ ಎನ್ನಲು ಬಾಯಿ ತೆಗೆದೆ. ಗುಳೆ ಹಸಿವು ಅಟ್ಟಿದ ಕಡೆ ಹೋಗುವುದು, ಸಾರ್ಥ ತಾನು ಗೊತ್ತು ಮಾಡಿಕೊಂಡ ಕಡೆ ಹೋಗುವುದು ಎಂದು ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಮೂಲೆಯಲ್ಲಿದ್ದ ಒಂದು ಶಾಲಾ ಬ್ಯಾಗಿನ ಕಡೆ ಕೈ ತೋರಿಸಿದಳು.

"ಸಂಕ್ರಾಂತಿ ಆದ ಮ್ಯಾಲೆ ಮಗ ಸೊಸಿ ಕಾಫಿ ಸೀಮೆಗೆ ಹೋದ್ರು. ಕೂಸು ಆಡ್ಸಾಕ ಅಂತ ಮೊಮ್ಮಗಳನ್ನೂ ಕರ್ಕಂಡು ಹೋದ್ರು. ಆರನೇತ್ತ ಓದ್ತಿತ್ತು. ನೀನು ಟೀಚರ್ ಅದಿ. ಮನ್ನೆ ನಾಗರಪಂಚಮಿಗೆ ಬಂದಾಕಿ ಇವತ್ತು ಬಂದಿ. ಅದು ಸಾಲಿಗೆ ಹೊಕ್ಕೈತೋ ಇಲ್ಲೋ ಅಂತ ಒಂದಿನಾರ ಕೇಳಿದ್ಯೇನು? ತೇರಿನ ಮ್ಯಾಲೆ ಯಾರು ಕುಂತಾರ ಅಂತ ನನ್ನ ಕೇಳ್ತಿಯಲ್ಲ ತಂಗಿ."

ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಶಾಲೆ ಬೇರೆ ತಾಲ್ಲೂಕಿನದು ಎಂಬುದು ನೆಪವಾಗುತ್ತಿತ್ತು. ನನ್ನ ಶಾಲೆಯ ಹಾಜರಿ ಪುಸ್ತಕದಲ್ಲೂ ಸುಗ್ಗಿ ಮುಗಿದ ಮೇಲೆ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುವ ಮಕ್ಕಳಿದ್ದಾರೆ. ಅವರ ಮನೆ ಬೀಗ ನೋಡಿ ಬಂದು "ವಲಸೆ" ಎಂದು ಬರೆದು ಸಹಿ ಹಾಕುವುದು ನನಗೆ ಅಭ್ಯಾಸವಾಗಿ ಹೋಗಿದೆ.

1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ತಮ್ಮ ಸಂಕಟ ತೋಡಿಕೊಂಡಿದ್ದರು. ಓದಿದವರು ಸಮಾಜದ ಕೈಹಿಡಿಯುತ್ತಾರೆಂದು ನಂಬಿದ್ದೆ, ಅವರು ತಮ್ಮ ಹೊಟ್ಟೆಪಾಡಿನಲ್ಲಿ ಮುಳುಗಿದರು ಎಂಬುದು ಆ ಮಾತಿನ ಸಾರ. ನಾಲ್ಕು ತಿಂಗಳ ನಂತರ ರತ್ತು ಅವರ ಮುಂದೆ ಕಾರವಾನಿನ ಮಾತು ಬಂದಾಗ ಅದರ ಹಿಂದೆ ಈ ನೋವೂ ಇತ್ತು. ಅದನ್ನು ಬ್ಯಾನರಿಗೆ ಹಾಕುವಾಗ ನಾವು ಎಳೆಯಿರಿ ಎಂಬ ಹುರುಪನ್ನು ಇಟ್ಟುಕೊಂಡೆವು, ನೋವನ್ನು ಬಿಟ್ಟೆವು. ತೇರಿನ ರೂಪಕ ಓದಿದವರಿಗೆ ಬಹಳ ಅನುಕೂಲ. ಮೇಲೆ ನಿಂತು ಎಳೆಯಿರಿ ಎಂದು ಕೂಗಬಹುದು. ಸಾರ್ಥದಲ್ಲಿ ಆ ಅನುಕೂಲವಿಲ್ಲ. ಮುಂದೆ ಹೋದವನು ಹಿಂತಿರುಗಿ ನೋಡದಿದ್ದರೆ ಅವನು ಸಾರ್ಥದವನೇ ಅಲ್ಲ, ಒಂಟಿ ಪ್ರಯಾಣಿಕ. ಸರ್ಕಾರಿ ಕೆಲಸ, ಪೇಟೆಯಲ್ಲಿ ಸೈಟು, ಮಕ್ಕಳಿಗೆ ಇಂಗ್ಲಿಷ್ ಶಾಲೆ ಇವೆಲ್ಲ ಸಿಕ್ಕ ಮೇಲೆ ಮುಂದೆ ತುಂಬಿದ ಕೆರೆಯಿದೆ, ಈ ಭಾರ ನಿನಗ್ಯಾಕೆ ಎಂದು ಕಿವಿಯಲ್ಲಿ ಹೇಳುವ ಯಕ್ಷ ನನಗೂ ಸಿಕ್ಕಿದ್ದಾನೆ. ನಾನು ಚೆಲ್ಲಿದ ನೀರು ಯಾವುದೆಂದು ಚಿಗವ್ವನ ಮನೆಯ ಆ ಬ್ಯಾಗು ತೋರಿಸಿತು.

ಹಾಗಾದರೆ ನಮ್ಮ ಜನವನ್ನು ಯಾವುದರಿಂದ ಗುರುತಿಸುವುದು? ಹುಟ್ಟಿದ ಕೇರಿಯಿಂದ ಬೇಡ, ಬುದ್ಧರು ಹುಟ್ಟಿನಿಂದ ಯಾರನ್ನೂ ಅಳೆಯಲಿಲ್ಲ. ಉಂಡ ಅವಮಾನದಿಂದ ಮಾತ್ರವೂ ಬೇಡ, ಅದು ಇನ್ನೊಬ್ಬರು ನಮಗೆ ಮಾಡಿದ್ದು. ನಾವು ಯಾವ ಕಡೆ ನಡೆಯುತ್ತಿದ್ದೇವೆ, ಯಾರನ್ನು ಜೊತೆಗೆ ಕರೆದುಕೊಂಡು ನಡೆಯುತ್ತಿದ್ದೇವೆ ಎಂಬುದರಿಂದ ಗುರುತಿಸಲಿ. ಅದು ನಮ್ಮ ಕೈಯಲ್ಲಿರುವುದು. ಹೊತ್ತ ನೀರು ಎಂದರೆ ಪಂಚಶೀಲ, ಓದು, ಸ್ವಾಭಿಮಾನ. ಮೋಡ ಕಾಣುವ ಮೊದಲೇ ಅದನ್ನು ಚೆಲ್ಲಬಾರದು. ತಮ್ಮಷ್ಟಕ್ಕೆ ಕೊಡದಲ್ಲಿ ಮುಚ್ಚಿಟ್ಟುಕೊಂಡು ಕೂರಲೂಬಾರದು.

ಹಿಂದಿನ ಭಾನುವಾರ ಬಳಗದಲ್ಲಿ ನಾನು ಬರೆದುಕೊಂಡು ಹೋದ ಪುಟ ಓದಲಿಲ್ಲ. ಚಿಗವ್ವ ಹೇಳಿದ್ದನ್ನೇ ಹೇಳಿದೆ. ತೇರು ಎಂದಿದ್ದ ಹಿರಿಯರು, "ತೇರಾದ್ರೂ ಜನಕ್ಕ ತಿಳಿತೈತಿ, ಸಾರ್ಥ ಅಂದ್ರ ಯಾರಿಗೆ ತಿಳಿಬೇಕು" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಗೋಡೆಯ ಮೇಲೆ ಆ ಪದ ಬರೆಸುತ್ತಿಲ್ಲ. ಬರೀ ನಡೆಯುವ ಜನ. ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಪುಸ್ತಕ ಹಿಡಿದವರು, ಪಾತ್ರೆ ಹೊತ್ತವರು, ನಡುವೆ ನೀರಿನ ಬಿಂದಿಗೆಗಳು. ಹಲಗೆಯವನೂ ಇರಲಿ ಎಂದು ಆ ಕಾಲೇಜು ಹುಡುಗ ಹಟ ಹಿಡಿದ. ಅವನು ಹೆಣದ ಮುಂದೆ ಅಲ್ಲ, ಜನರ ಮುಂದೆ ನಡೆಯಲಿ ಎಂದು ಹಿರಿಯರೇ ಒಪ್ಪಿದರು. ಕೊನೆಯಲ್ಲಿ ನಡೆಯುವವಳು ಬ್ಯಾಗು ಹಾಕಿಕೊಂಡ ಹುಡುಗಿ. ಅವಳ ಮುಖ ನಮ್ಮ ಕಡೆ ತಿರುಗಿರಬೇಕೆಂದು ಪೇಂಟರಿಗೆ ಹೇಳಿದ್ದೇವೆ.

ಚಿಗವ್ವನ ಮೊಮ್ಮಗಳು ಈಗ ನಮ್ಮ ಮನೆಯಲ್ಲಿದ್ದಾಳೆ. ಅವರಪ್ಪನಿಗೆ ಫೋನು ಮಾಡಿ, ಒಂದು ದಿನ ರಜೆ ಹಾಕಿ ಹೋಗಿ ಕರೆತಂದೆವು. ಪರೀಕ್ಷೆ ಮುಗಿಯುವ ತನಕ ಇಲ್ಲಿಂದಲೇ ಓದುತ್ತಾಳೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಅದೇ ಕೇರಿಯಿಂದ ಗುಳೆ ಹೋದ ಇನ್ನೂ ಐದು ಮಕ್ಕಳ ಹೆಸರನ್ನು ಅವಳೇ ನನಗೆ ಬರೆದುಕೊಟ್ಟಿದ್ದಾಳೆ. ಆ ಚೀಟಿ ನನ್ನ ಪರ್ಸಿನಲ್ಲಿದೆ. ಅಲ್ಲಿ ಕೈಜೋಡಿಸಬಲ್ಲವರು ನನಗೆ ಫೋನು ಮಾಡಿ.

ಇಂದಿನ ಧ್ಯಾನಕ್ಕೆ ಪ್ರಶ್ನೆ: ನಮ್ಮ ಮನೆತನದಲ್ಲಿ, ನಮ್ಮ ಕೇರಿಯಲ್ಲಿ ಎಲ್ಲರಿಗಿಂತ ಹಿಂದೆ ನಡೆಯುತ್ತಿರುವವರು ಯಾರು? ಅವರನ್ನು ಕೊನೆಯ ಸಲ ತಿರುಗಿ ನೋಡಿದ್ದು ಯಾವಾಗ?

ಭವತು ಸಬ್ಬ ಮಂಗಲಂ. ಜೈ ಭೀಮ್.